ಕರೆ ಮಾಡುತ್ತೇವೆ ಎಂದ ದಿನವೇ ಕರೆ ಮಾಡುವುದು

(ಸಣ್ಣ ಸೇವಾ ಸಂಸ್ಥೆಗಳನ್ನು ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸುತ್ತುಬಳಸಿ ಹೇಳಿದ್ದನ್ನು ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯಿಸಿದವರು ದೊಡ್ಡ ಮನಸ್ಸಿನವರು ಎಂದರು. ಹುಟ್ಟಿದ ಮಗುವನ್ನು, ಇಲ್ಲವೇ ಹುಟ್ಟಬೇಕಿದ್ದ ಮಗುವನ್ನು ಕಳೆದುಕೊಂಡ ಮನೆಯವರ ಜೊತೆ ಕೆಲಸ ಮಾಡುವವರನ್ನು ಯಾವ ವೇದಿಕೆಯಲ್ಲಿ ಪರಿಚಯಿಸಿದರೂ ಈ ಮಾತು ಬಂದೇ ಬರುತ್ತದೆ. ಉಪಚಾರಕ್ಕೆ ಕೃತಜ್ಞಳು. ಆದರೆ ನಾನು ಈ ಕೆಲಸಕ್ಕೆ ಬಂದದ್ದು ಲೆಕ್ಕಪತ್ರದ ಕಡೆಯಿಂದ. ಖಾತೆಗಳನ್ನು ಸರಿಪಡಿಸಿಕೊಡಿ ಎಂದು ಕರೆದರು, ಬಂದವಳು ಉಳಿದುಕೊಂಡೆ. ಇಷ್ಟು ಕಾಲ ಒಳಗಿನಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ದೊಡ್ಡ ಮನಸ್ಸಿಗೆ ಈ ಕ್ಷೇತ್ರದಲ್ಲಿ ಬರವಿಲ್ಲ. ಮಗು ಹೋಯಿತು ಎಂಬ ಸುದ್ದಿ ಕೇಳಿದರೆ ಯಾರ ಕರುಳೂ ಚುರುಕ್ ಎನ್ನುತ್ತದೆ. ಮಂಗಳವಾರ ಸಂಜೆ ಫೋನ್ ಮಾಡುತ್ತೇನೆ ಎಂದವರು ಆ ಮಂಗಳವಾರ ಸಂಜೆಯೇ ಫೋನ್ ಮಾಡುತ್ತಾರೆಯೇ ಎಂಬಲ್ಲಿ ಬರ ಕಾಣುತ್ತದೆ. ಇವತ್ತು ನಾನು ಮಾತನಾಡುವುದೆಲ್ಲ ಆ ಕರೆಯ ಬಗ್ಗೆ, ಅದು ತಪ್ಪದಂತೆ ನೋಡಿಕೊಳ್ಳುವ ಏರ್ಪಾಟಿನ ಬಗ್ಗೆ.

ಅದಕ್ಕೆ ಮೊದಲು ಒಂದು ಮಾತು. 'ನಿಮಗೂ ಹೀಗೆ ಆಗಿತ್ತೇ?' ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ವೇದಿಕೆಯ ಮೇಲೆ ಉತ್ತರಿಸುವ ಪದ್ಧತಿ ನನ್ನದಲ್ಲ. ಉತ್ತರ ಹೌದಾದರೂ ಅಲ್ಲವಾದರೂ ಅದು ಸಂಸ್ಥೆಯ ಬಂಡವಾಳವಾಗಬಾರದು. ನಡೆಸುವವರ ಕಥೆಯೇ ಸಂಸ್ಥೆಯ ಮುಖವಾಗಿಬಿಟ್ಟರೆ, ಬಾಗಿಲಿಗೆ ಬಂದ ತಾಯಿ ತನ್ನ ದುಃಖವನ್ನು ಅದರ ಪಕ್ಕದಲ್ಲಿಟ್ಟು ಅಳೆಯಲು ತೊಡಗುತ್ತಾಳೆ: ನನ್ನದು ಅಷ್ಟು ದೊಡ್ಡದಲ್ಲವೇನೋ, ಇವರ ಸಮಯ ಹಾಳುಮಾಡುತ್ತಿದ್ದೇನೇನೋ. ಅಳೆಯುವ ಜನ ಅವಳ ಸುತ್ತ ಈಗಾಗಲೇ ಬೇಕಾದಷ್ಟು ಇರುತ್ತಾರೆ.

ಅಳತೆಯ ವಿಷಯ ಬಂದದ್ದರಿಂದ ಅಂಕಿಗಳನ್ನೂ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಮಕ್ಕಳು ಸತ್ತು ಹುಟ್ಟಿದವು. 2022ರಲ್ಲಿ ಸುಮಾರು 23 ಲಕ್ಷ ಮಕ್ಕಳು ಹುಟ್ಟಿದ 28 ದಿನಗಳೊಳಗೆ ತೀರಿಕೊಂಡವು. ಮೊದಲನೆಯ ಲೆಕ್ಕದಲ್ಲಿ ಸೇರಿರುವುದು 28 ವಾರ ತುಂಬಿದ ಬಸಿರುಗಳು ಮಾತ್ರ, ಏಕೆಂದರೆ ದೇಶದೇಶಗಳ ನಡುವೆ ಹೋಲಿಸಲು ಇಟ್ಟುಕೊಂಡ ಗೆರೆ ಅದು. ಗೆರೆ ಎಲ್ಲ ಕಡೆಯೂ ಒಂದೇ ಅಲ್ಲ. ಬ್ರಿಟನ್ನಿನಲ್ಲಿ 1992ರವರೆಗೆ 28 ವಾರ ಇದ್ದದ್ದು ಆಮೇಲೆ 24ಕ್ಕೆ ಇಳಿಯಿತು. ಅಮೆರಿಕದಲ್ಲಿ ಸಾಮಾನ್ಯವಾಗಿ 20 ವಾರ. ಗೆರೆಯ ಆಚೆಗೆ ಬಿದ್ದ ಮಗುವಿಗೆ ದಾಖಲೆ ಉಂಟು, ಈಚೆಗೆ ಬಿದ್ದ ಮಗುವಿಗೆ ಎಷ್ಟೋ ಕಡೆ ಒಂದು ಕಾಗದವೂ ಇಲ್ಲ. ಅಂಕಿಅಂಶ ಇಡುವವರಿಗೆ ಗೆರೆ ಬೇಕೇ ಬೇಕು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮಂಥವರ ಬಾಗಿಲಲ್ಲಿ ಅದಕ್ಕೆ ಕೆಲಸವಿಲ್ಲ. ಮೊದಲ ಕರೆಯಲ್ಲಿ 'ಎಷ್ಟು ವಾರ ಆಗಿತ್ತು?' ಎಂದು ನಮ್ಮವರು ಕೇಳುವುದಿಲ್ಲ. ತಾಯಿ ತಾನಾಗಿ ಹೇಳಿದರೆ ಬರೆದುಕೊಳ್ಳುತ್ತಾರೆ.

ಸಮಾಜ ದುಃಖವೆಂದು ಒಪ್ಪಿಕೊಳ್ಳದ ದುಃಖವನ್ನು ಕುರಿತು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ನಮ್ಮಲ್ಲಿಗೆ ಬರುವವರದು ಬಹುಪಾಲು ಅಂಥದ್ದು. ಅಜ್ಜ ತೀರಿಕೊಂಡರೆ ಹತ್ತು ಜನ ಬಂದು ಅವರ ಬಗ್ಗೆ ಒಂದೊಂದು ನೆನಪು ಹೇಳಿಹೋಗುತ್ತಾರೆ. ಎರಡು ದಿನ ಬದುಕಿದ ಮಗುವಿನ ಬಗ್ಗೆ ಹೇಳಲು ತಂದೆತಾಯಿಯ ಹೊರತು ಯಾರ ಬಳಿಯೂ ಏನೂ ಇರುವುದಿಲ್ಲ. ಆ ಮೌನವನ್ನು ತುಂಬಲು ಜನ 'ಇನ್ನೊಂದು ಆಗುತ್ತದೆ ಬಿಡಿ' ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುವವರು ಕಡಿಮೆ. ಹೇಳಲು ಬೇರೇನೂ ತೋಚದೆ ಹೇಳುತ್ತಾರೆ.

ಈಗ ನಮ್ಮ ದಾಖಲೆಪುಸ್ತಕಕ್ಕೆ ಬರುತ್ತೇನೆ. ಇದು ಕಂಪ್ಯೂಟರಿನಲ್ಲಿದೆಯೋ ಕಾಗದದಲ್ಲಿದೆಯೋ ಎಂಬುದು ಮುಖ್ಯವಲ್ಲ, ಬೀಗ ಇರಬೇಕು ಅಷ್ಟೆ. ಪ್ರತಿ ಕುಟುಂಬಕ್ಕೆ ಒಂದು ಪುಟ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು, ಮನೆಯವರು ಬರೆಯುವಂತೆಯೇ. ಹೆಸರಿಡದಿದ್ದರೆ ಅವರು ಮಗುವನ್ನು ಏನೆಂದು ಕರೆಯುತ್ತಾರೋ ಅದು. 'ಪಾಪು' ಎನ್ನುವವರಿಗೆ ನಾವು 'ಶಿಶು' ಎನ್ನುವುದಿಲ್ಲ. 'ತೀರಿಕೊಂಡಿತು' ಎನ್ನುವವರ ಎದುರು 'ಕಳೆದುಕೊಂಡಿರಿ' ಎಂದರೆ ಕೆಲವರಿಗೆ ತಾವೇ ಎಲ್ಲೋ ಇಟ್ಟು ಮರೆತ ಹಾಗೆ ಕೇಳಿಸುತ್ತದೆ, ಅದನ್ನೂ ಬರೆದಿಡುತ್ತೇವೆ. ಫೋನ್ ಯಾರು ಎತ್ತಿದರೆ ಮಾತನಾಡಬಹುದು, ಯಾರು ಎತ್ತಿದರೆ 'ಆಮೇಲೆ ಮಾಡುತ್ತೇನೆ' ಎಂದು ಇಡಬೇಕು. ಯಾವ ಹೊತ್ತಿನಲ್ಲಿ ಮಾಡಬಾರದು. ಹಿಂದಿನ ಸಲ ಮಾತು ಎಲ್ಲಿ ನಿಂತಿತು.

ಇಷ್ಟೆಲ್ಲ ಬರೆಯುವುದಕ್ಕೆ ಮುಖ್ಯ ಕಾರಣ ಒಂದೇ. ಆ ತಾಯಿ ಇಡೀ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವ ಹಾಗಾಗಬಾರದು. ಆಸ್ಪತ್ರೆಯಲ್ಲಿ ಪಾಳಿ ಬದಲಾದಾಗಲೆಲ್ಲ ಹೇಳಿರುತ್ತಾಳೆ, ಕಚೇರಿಯಲ್ಲಿ ರಜೆಗಾಗಿ ಹೇಳಿರುತ್ತಾಳೆ, ಮಗು ಹೇಗಿದೆ ಎಂದು ನಗುತ್ತ ಕೇಳಿದ ಪರಿಚಯದವರಿಗೆ ರಸ್ತೆಯಲ್ಲಿ ನಿಂತು ಹೇಳಿರುತ್ತಾಳೆ. ನಮ್ಮಲ್ಲಿ ಸ್ವಯಂಸೇವಕಿ ಬದಲಾದರೆ ಹೊಸಬಳು ಪುಟ ಓದಿಕೊಂಡೇ ಕರೆ ಮಾಡಬೇಕು. ಓದದೆ ಮಾಡುವುದಕ್ಕಿಂತ ಒಂದು ಗಂಟೆ ತಡವಾಗಿ ಮಾಡುವುದು ಮೇಲು, ತಡವಾಗುತ್ತದೆ ಎಂದು ಮೊದಲೇ ಒಂದು ಸಂದೇಶ ಕಳಿಸಿ.

ಆ ಪುಟದ ಮುಖ್ಯ ಭಾಗ ದಿನಾಂಕಗಳು. ಮಗು ತೀರಿಕೊಂಡ ದಿನ ಯಾರಿಗಾದರೂ ನೆನಪಿರುತ್ತದೆ. ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. 26ನೆಯ ವಾರದಲ್ಲಿ ಮಗು ಹುಟ್ಟಿ ಹೋಗಿದ್ದರೆ ಆ ದಿನ 14 ವಾರಗಳಾದ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ನೆಂಟರು ತಮ್ಮ ತಮ್ಮ ಊರು ಸೇರಿರುತ್ತಾರೆ, ಗಂಡ ಕೆಲಸಕ್ಕೆ ಹೋಗುತ್ತಿರುತ್ತಾನೆ, 'ಈಗ ಪರವಾಗಿಲ್ಲ, ಸುಧಾರಿಸಿಕೊಂಡಿದ್ದಾಳೆ' ಎಂದು ಎಲ್ಲರೂ ಹೇಳತೊಡಗಿರುತ್ತಾರೆ. ಅವಳಿಗೆ ಮಾತ್ರ ಆ ಬೆಳಗ್ಗೆ ಹಾಸಿಗೆಯಿಂದ ಏಳಲಾಗುವುದಿಲ್ಲ. ಅವತ್ತು ಮಾಡುವ ಒಂದು ಕರೆ ಮೊದಲ ವಾರದ ಹತ್ತು ಕರೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮರಣೋತ್ತರ ಪರೀಕ್ಷೆಗೆ ಒಪ್ಪಿದ್ದರೆ ಅದರ ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಬಂದ ವರದಿಯಲ್ಲಿ ಕಾರಣ ತಿಳಿದುಬರಲಿಲ್ಲ ಎಂದೇ ಬರೆದಿರುವುದು ಅಪರೂಪವಲ್ಲ. ಕಾರಣ ಸಿಕ್ಕರೆ ಒಂದು ಬಗೆಯ ಸಂಕಟ, ಸಿಗದಿದ್ದರೆ ಇನ್ನೊಂದು ಬಗೆ. ಮುಂದೆ ಮತ್ತೆ ಬಸಿರಾದರೆ, ಹಿಂದಿನ ಮಗು ಹೋದ ವಾರವೇ ಈ ಬಸಿರಿನಲ್ಲೂ ಬರುವ ದಿನ ಇದೆಯಲ್ಲ, ಅದನ್ನೂ ಲೆಕ್ಕ ಹಾಕಿ ಗುರುತಿಟ್ಟುಕೊಳ್ಳುತ್ತೇವೆ. ಅವತ್ತು ಹೆಚ್ಚೇನೂ ಹೇಳಬೇಕಿಲ್ಲ. 'ಈ ವಾರ ಹೇಗಿದ್ದೀರಿ?' ಎಂದರೆ ಅವರಿಗೆ ಅರ್ಥವಾಗುತ್ತದೆ.

ಇನ್ನೊಂದು ದಿನದ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಸಭೆಗಳಲ್ಲಿ ಈ ವಿಷಯ ಬಂದರೆ ಮುಂದಿನ ಸಾಲಿನವರು ತಲೆ ತಗ್ಗಿಸುತ್ತಾರೆ. ಹೆರಿಗೆಯಾಗಿ ಎರಡರಿಂದ ನಾಲ್ಕು ದಿನಕ್ಕೆ ತಾಯಿಗೆ ಹಾಲು ಇಳಿಯುತ್ತದೆ. ಮಗು ಬದುಕಿದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಿಲ್ಲ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ದಿಢೀರನೆ ಇಳಿಯುತ್ತದೆ, ಎದೆ ಹಾಲು ತಯಾರಿಸಲು ಶುರುಮಾಡುತ್ತದೆ. ನಾಲ್ಕೈದು ತಿಂಗಳಿಗೆ ಹೋದ ಬಸಿರಿನಲ್ಲೂ ಹೀಗಾಗಬಹುದು. ಆ ಹೊತ್ತಿಗೆ ಅವಳು ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾಳೆ. ಹೀಗಾಗುತ್ತದೆ ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂಬ ಕರುಣೆಯಿಂದಲೇ ಹೇಳಿರುವುದಿಲ್ಲ. ರಾತ್ರಿ ರವಿಕೆ ಒದ್ದೆಯಾಗಿ ಎಚ್ಚರವಾದಾಗ ಆ ಕರುಣೆ ಏನು ಮಾಡುತ್ತದೆ ನೀವೇ ಯೋಚಿಸಿ.

ನಾವು ವೈದ್ಯರಲ್ಲ. ಹಾಲು ಕಡಿಮೆಯಾಗಲು ಮಾತ್ರೆಯುಂಟು. ಅದನ್ನು ಕೊಡಬೇಕೇ ಬೇಡವೇ ಎಂದು ವೈದ್ಯರೇ ನಿರ್ಧರಿಸಬೇಕು, ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ ಅದು ಆಗದು. ಮಾತ್ರೆ ಬೇಡ, ತಾನಾಗಿ ನಿಲ್ಲಲಿ ಎನ್ನುವವರಿದ್ದಾರೆ. ಹಾಲಿನ ಬ್ಯಾಂಕಿಗೆ ಕೊಡುತ್ತೇನೆ, ಬೇರೆ ಮಗುವಿಗಾದರೂ ಆಗಲಿ ಎನ್ನುವವರೂ ಇದ್ದಾರೆ, ಆ ಕೊಡುವಿಕೆಯಿಂದ ಅವರಿಗೆ ಏನೋ ಸಮಾಧಾನ. ಇನ್ನು ಕೆಲವರಿಗೆ ಆ ಮಾತು ಎತ್ತಿದರೇ ಸಿಟ್ಟು ಬರುತ್ತದೆ. ಮೂರೂ ಸರಿಯೇ. ಸಂಸ್ಥೆಯ ಕೆಲಸ ಬಹಳ ಚಿಕ್ಕದು: ಹೆರಿಗೆಯಾದ ಮರುದಿನವೇ, ಹಾಲು ಇಳಿಯುವುದಕ್ಕೆ ಮೊದಲು, ಈ ವಿಷಯ ಅವಳ ಕಿವಿಗೆ ಬೀಳುವಂತೆ ನೋಡಿಕೊಳ್ಳುವುದು. ಅಂದರೆ ಹೆರಿಗೆ ವಾರ್ಡಿನ ನರ್ಸ್‌ಗೆ ನಮ್ಮ ಫೋನ್ ಸಂಖ್ಯೆ ಗೊತ್ತಿರಬೇಕು. ಹೆಡ್ ನರ್ಸ್ ವರ್ಗವಾಗಿ ಹೊಸಬರು ಬಂದಾಗ ಮತ್ತೆ ಹೋಗಿ ಪರಿಚಯ ಹೇಳಿಕೊಳ್ಳಬೇಕು. ಈ ಹೋಗಿಬರುವ ಕೆಲಸವನ್ನು ಯಾವ ವಾರ್ಷಿಕ ವರದಿಯಲ್ಲೂ ಯಾರೂ ಮೆಚ್ಚುವುದಿಲ್ಲ.

ಹಾಲಿನ ಹಾಗೆಯೇ ತಡೆಯಿಲ್ಲದೆ ಬರುವುದು ಸಂದೇಶಗಳು. ಬಸಿರಾದಾಗ ಮೊಬೈಲ್‌ಗೆ ಹಾಕಿಕೊಂಡ ಆ್ಯಪ್ 'ನಿಮ್ಮ ಮಗುವಿಗೆ ಈಗ ಆರು ವಾರ' ಎನ್ನುತ್ತದೆ. ಲಸಿಕೆಗೆ ಬನ್ನಿ ಎಂದು ನೆನಪಿನ ಸಂದೇಶ ಬರುತ್ತದೆ. ಮಗುವಿನ ಬಟ್ಟೆಯ ಜಾಹೀರಾತು ತಿಂಗಳುಗಟ್ಟಲೆ ಬೆನ್ನುಹತ್ತುತ್ತದೆ. ಎಲ್ಲೆಲ್ಲಿ ಹೆಸರು ದಾಖಲಾಗಿದೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಬರೆದು ಅಳಿಸುವುದಕ್ಕೆ ನಮ್ಮಲ್ಲಿ ಒಬ್ಬರಿದ್ದಾರೆ. ಅವರು ಯಾರನ್ನೂ ಸಂತೈಸುವುದಿಲ್ಲ, ಯಾರ ಕಣ್ಣೀರನ್ನೂ ಕಂಡಿಲ್ಲ. ನಮ್ಮ ಸಂಸ್ಥೆಯಲ್ಲಿ ಅತಿ ಹೆಚ್ಚು ಉಪಕಾರ ಮಾಡುವವರು ಅವರೇ ಎಂದು ನನಗೆ ಬಹಳ ಸಲ ಅನ್ನಿಸಿದೆ.

ಆಸ್ಪತ್ರೆಯ ಮಾತು ಬಂತು. ಹಿಂದೆ ಬಹಳ ಕಡೆ, ಸತ್ತು ಹುಟ್ಟಿದ ಮಗುವನ್ನು ತಾಯಿಗೆ ತೋರಿಸದೆ ಎತ್ತಿಕೊಂಡು ಹೋಗುವುದು ವಾಡಿಕೆಯಾಗಿತ್ತು. ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದುಕೊಂಡಿದ್ದರು. 1970ರ ದಶಕದಲ್ಲಿ ಈ ನಂಬಿಕೆ ಅಲುಗಾಡಿತು. ಮರೆಯುವ ಮಾತಿರಲಿ, ಮಗು ಗಂಡೋ ಹೆಣ್ಣೋ, ಎಲ್ಲಿ ಹೂಳಿದರು ಎಂದು ತಿಳಿಯದೆ ದಶಕಗಳ ಕಾಲ ಕೊರಗಿದ ತಾಯಂದಿರು ಮಾತನಾಡತೊಡಗಿದರು. ಇಂಥ ತಂದೆತಾಯಂದಿರಿಗೆ ನೆರವಾಗುವ ಸಂಸ್ಥೆಗಳಾದ ಶೇರ್ ಅಮೆರಿಕದಲ್ಲಿ 1977ರಲ್ಲಿ, ಸ್ಯಾಂಡ್ಸ್ ಬ್ರಿಟನ್ನಿನಲ್ಲಿ 1978ರಲ್ಲಿ ಹುಟ್ಟಿಕೊಂಡದ್ದು ಈ ಹೊತ್ತಿನಲ್ಲೇ. ಆಮೇಲೆ ಗಾಳಿ ತಿರುಗಿ, ಮಗುವನ್ನು ಎತ್ತಿಕೊಳ್ಳಲೇಬೇಕು, ಎತ್ತಿಕೊಂಡರೇ ಒಳ್ಳೆಯದು ಎಂಬ ಹಟ ಕೆಲವೆಡೆ ಶುರುವಾಯಿತು. 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಎತ್ತಿಕೊಂಡ ತಾಯಂದಿರಲ್ಲಿ ಮುಂದಿನ ಬಸಿರಿನ ಹೊತ್ತಿಗೆ ಖಿನ್ನತೆ ಹೆಚ್ಚು ಕಂಡಿತು ಎಂದಿತು. ದೊಡ್ಡ ವಾದವೇ ನಡೆಯಿತು. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಸಣ್ಣದಿತ್ತು, ನಂತರ ಬಂದ ಎಷ್ಟೋ ಅಧ್ಯಯನಗಳು ಬೇರೆಯೇ ಹೇಳಿದವು. ಮಗುವನ್ನು ನೋಡಿದ್ದಕ್ಕೆ ಪಶ್ಚಾತ್ತಾಪ ಪಟ್ಟವರು ಬಹಳ ಕಡಿಮೆ ಎಂಬುದು ಈ ಕೆಲಸದಲ್ಲಿರುವವರ ಸಾಮಾನ್ಯ ಅನುಭವ.

ನಮ್ಮ ಸ್ವಯಂಸೇವಕರಿಗೆ ಇದರಿಂದ ಕಲಿಸುವುದು ಒಂದು ನಡವಳಿಕೆ. ನೋಡುತ್ತೀರಾ ಎಂದು ಕೇಳಬೇಕು. ಮಗು ಹೇಗೆ ಕಾಣುತ್ತದೆ, ಚರ್ಮದ ಬಣ್ಣ ಹೇಗಿದೆ, ಮೈ ತಣ್ಣಗಿರುತ್ತದೆ ಎಂದು ಮೊದಲೇ ಹೇಳಬೇಕು. ಬೇಡ ಎಂದರೆ ಆ ಬೇಡವನ್ನು ಗೌರವಿಸಿ ಎದ್ದು ಬರಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಬೇಕು, ಏಕೆಂದರೆ ಆ ಗಂಟೆಗಳಲ್ಲಿ ಮನಸ್ಸು ಬದಲಾಗುತ್ತದೆ. ದೇಹವನ್ನು ತಣ್ಣಗಿಡುವ ತೊಟ್ಟಿಲು ಈಗ ಎಷ್ಟೋ ಆಸ್ಪತ್ರೆಗಳಲ್ಲಿದೆ. ಅದಿದ್ದರೆ ಒಂದೆರಡು ದಿನದ ಬಿಡುವು ಸಿಗುತ್ತದೆ, ಆತುರವಿರುವುದಿಲ್ಲ. ಆಗಲೂ ಬೇಡವೆಂದರೆ, ಅವರು ಒಪ್ಪಿದರೆ ಮಾತ್ರ, ಫೋಟೊ ತೆಗೆದು ಪಾದದ ಅಚ್ಚು ಹಿಡಿದು ಲಕೋಟೆಯಲ್ಲಿ ಮುಚ್ಚಿಡಬಹುದು. ಯಾವಾಗ ಬೇಕಾದರೂ ಬಂದು ಕೇಳಿ ಎನ್ನಬಹುದು.

'ಯಾವಾಗ ಬೇಕಾದರೂ' ಎಂದು ಹೇಳಿದ ಕೂಡಲೇ ಸಂಸ್ಥೆಯ ತಲೆಯ ಮೇಲೆ ಒಂದು ಭಾರ ಬಂದು ಕೂರುತ್ತದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಆ ಲಕೋಟೆ ಎಷ್ಟು ವರ್ಷ ಇರಬೇಕು? ಎಲ್ಲಿ? ಬೀಗದ ಕೈ ಯಾರ ಬಳಿ? ಕಚೇರಿಯ ಬಾಡಿಗೆ ಕಟ್ಟಲಾಗದೆ ಜಾಗ ಬಿಡಬೇಕಾಗಿ ಬಂದರೆ? ಹದಿನೈದು ವರ್ಷ ಬಿಟ್ಟು ಬಂದ ತಂದೆಗೆ 'ಆ ಸಂಸ್ಥೆ ಈಗ ಇಲ್ಲ' ಎಂಬ ಉತ್ತರ ಸಿಗುವುದಾದರೆ ಆವತ್ತು ಆ ಮಾತು ಹೇಳಲೇಬಾರದಿತ್ತು. ಆದ್ದರಿಂದ ಮೊದಲ ಲಕೋಟೆ ತೆಗೆದುಕೊಳ್ಳುವುದಕ್ಕೆ ಮುಂಚೆ, ನಾವು ಮುಚ್ಚಿಹೋದರೆ ಇವು ಯಾರ ಕೈಗೆ ಹೋಗುತ್ತವೆ ಎಂಬ ಲಿಖಿತ ಒಪ್ಪಂದ ಇರಬೇಕೆಂಬುದು ನನ್ನ ಹಟ. ಟ್ರಸ್ಟಿಗಳ ಸಭೆಯಲ್ಲಿ ಸಂಸ್ಥೆಯ ಸಾವಿನ ಮಾತು ಎತ್ತಿದರೆ ಅಪಶಕುನ ನುಡಿದ ಹಾಗೆ ನೋಡುತ್ತಾರೆ. ಸಾವಿನ ಜೊತೆಗೇ ಕೆಲಸ ಮಾಡುವವರು ತಮ್ಮದರ ಬಗ್ಗೆ ಮಾತನಾಡಲು ಹಿಂಜರಿಯುವುದು ತಮಾಷೆಯೇ ಸರಿ.

ಸ್ವಯಂಸೇವಕರು ಎಲ್ಲಿಂದ ಬರುತ್ತಾರೆ? ಹೆಚ್ಚಿನವರು ತಾವೇ ಮಗುವನ್ನು ಕಳೆದುಕೊಂಡವರು. ನಮ್ಮ ಬಲವೂ ಅದೇ, ನಮ್ಮ ಆತಂಕವೂ ಅದೇ. ಮಗು ಹೋಗಿ ಎರಡು ತಿಂಗಳಾದ ತಾಯಿಯೊಬ್ಬಳು 'ನಾನೂ ಕೆಲಸ ಮಾಡುತ್ತೇನೆ' ಎಂದು ಬರುತ್ತಾಳೆ. ಅವಳ ಕಣ್ಣಿನ ಆತುರ ನೋಡಿದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆದರೂ ಇಲ್ಲ ಎನ್ನುತ್ತೇವೆ, ಒಂದು ವರ್ಷವಾದರೂ ಕಳೆಯಲಿ ಎನ್ನುತ್ತೇವೆ. ಅವಳು ದುರ್ಬಲಳು ಎಂದಲ್ಲ. ಕೇಳಿಸಿಕೊಳ್ಳುವವರು ತಮ್ಮ ಕಥೆಯನ್ನು ಒಂದು ಗಂಟೆಯ ಮಟ್ಟಿಗೆ ಪಕ್ಕಕ್ಕಿಡಬೇಕಾಗುತ್ತದೆ. ಎರಡು ತಿಂಗಳಿಗೆ ಅದನ್ನು ಪಕ್ಕಕ್ಕಿಡಲು ಹೇಳುವುದೇ ಕ್ರೌರ್ಯ. ಅಷ್ಟರವರೆಗೆ ಅವಳಿಗೆ ನಾವು ಕರೆ ಮಾಡುತ್ತೇವೆ, ಅವಳು ನಮ್ಮ ಪರವಾಗಿ ಮಾಡುವುದು ಬೇಡ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸ್ವಯಂಸೇವಕಿಯರಲ್ಲಿ ಒಬ್ಬಳು ಬಸಿರಾಗುತ್ತಾಳೆ. ಎಲ್ಲರೂ ಆಸೆಪಟ್ಟ ಸುದ್ದಿಯೇ. ಆದರೆ ತಿಂಗಳ ಸಭೆಯಲ್ಲಿ ಹೊಟ್ಟೆ ಕಾಣುವ ಹೊತ್ತಿಗೆ, ಎದುರಿಗೆ ಕಳೆದ ವಾರ ಮಗುವನ್ನು ಕಳೆದುಕೊಂಡವಳು ಕೂತಿರುತ್ತಾಳೆ. ಬಸಿರಾದವಳನ್ನು ಬರಬೇಡ ಎನ್ನುವುದೇ? ಅದು ಅವಳಿಗೆ ಎರಡನೆಯ ಬಾರಿ ಬಾಗಿಲು ಹಾಕಿದ ಹಾಗೆ. ನಾವು ಮಾಡಿಕೊಂಡ ಏರ್ಪಾಟು ಸರಳ: ಬಸಿರಾದವಳು ಮೊದಲು ಸಂಯೋಜಕಿಗೆ ಒಬ್ಬಳಿಗೇ ಹೇಳುತ್ತಾಳೆ, ಹೊಸಬರ ಸಭೆಯಿಂದ ಕಚೇರಿಯ ಕೆಲಸಕ್ಕೆ ಬರುತ್ತಾಳೆ, ಅವಳಂತೆಯೇ ಮತ್ತೆ ಬಸಿರಾದವರಿಗೆ ಬೇರೆಯೇ ಒಂದು ಗುಂಪು ಸೇರುತ್ತದೆ. ಆ ಗುಂಪಿನಲ್ಲಿ ಯಾರೂ ಯಾರಿಗೂ 'ಅಭಿನಂದನೆ' ಎಂದು ಮೊದಲೇ ಹೇಳುವುದಿಲ್ಲ. ಅವರವರೇ ಕಂಡುಕೊಂಡ ರೀತಿ ಅದು.

ಸ್ವಯಂಸೇವಕರ ತರಬೇತಿಯಲ್ಲಿ ನಾನು ಬಿಡದೆ ಹೇಳುವುದು ಮಿತಿಯ ಬಗ್ಗೆ. ದುಃಖ ಐದು ಮೆಟ್ಟಿಲುಗಳಲ್ಲಿ ಬರುತ್ತದೆ ಎಂದು ಎಲ್ಲರೂ ಎಲ್ಲೋ ಓದಿಕೊಂಡು ಬಂದಿರುತ್ತಾರೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ ಆ ಮೆಟ್ಟಿಲುಗಳನ್ನು ಹೇಳಿದ್ದು ತಾವೇ ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಜೊತೆ ಮಾತನಾಡಿ. ಮಕ್ಕಳನ್ನು ಕಳೆದುಕೊಂಡವರಿಗೆ ಅದನ್ನು ಅಂಟಿಸಿ 'ನೀವಿನ್ನೂ ಸಿಟ್ಟಿನ ಹಂತದಲ್ಲಿದ್ದೀರಿ' ಎನ್ನುವವರನ್ನು ನಾನು ಫೋನಿನ ಹತ್ತಿರ ಕೂರಿಸುವುದಿಲ್ಲ. ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೂಬೆ ಮತ್ತು ಶುಟ್ 1999ರಲ್ಲಿ ಕೊಟ್ಟ ವಿವರಣೆ ನಮ್ಮ ಅನುಭವಕ್ಕೆ ಹತ್ತಿರ: ಮನಸ್ಸು ಒಮ್ಮೆ ದುಃಖದ ಕಡೆಗೆ, ಒಮ್ಮೆ ದಿನನಿತ್ಯದ ಬದುಕಿನ ಕಡೆಗೆ ಹೋಗಿ ಬರುತ್ತಿರುತ್ತದೆ. ಬೆಳಗ್ಗೆ ಅತ್ತವಳು ಸಂಜೆ ನಕ್ಕರೆ ಅದರಲ್ಲಿ ಮುಚ್ಚುಮರೆಯಿಲ್ಲ. ಇನ್ನು, ದುಃಖ ಯಾವಾಗ ಕಾಯಿಲೆಯಾಗುತ್ತದೆ ಎಂಬುದನ್ನು ವೈದ್ಯಕೀಯ ಕೈಪಿಡಿಗಳೇ ಬೇರೆ ಬೇರೆ ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯದು ಆರು ತಿಂಗಳು, ಅಮೆರಿಕದ ಮನೋವೈದ್ಯರದು ವಯಸ್ಕರಿಗೆ ಒಂದು ವರ್ಷ. ಆ ತೀರ್ಮಾನ ನಮ್ಮದಲ್ಲ. ಬದುಕುವುದು ಬೇಡ ಎಂಬ ಮಾತು ಬಂದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ: ಆ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು, ಫೋನ್ ಇಡದೆ ಇನ್ನೊಬ್ಬರನ್ನು ಕರೆಸಿಕೊಳ್ಳಬೇಕು, ಅವತ್ತೇ ವೈದ್ಯರ ಬಳಿಗೆ ದಾರಿ ಮಾಡಬೇಕು. ಯಾವ ವೈದ್ಯರು ಎಂಬುದು ಆ ಕ್ಷಣದಲ್ಲಿ ಹುಡುಕುವ ವಿಷಯವಲ್ಲ, ಗೋಡೆಯ ಮೇಲೆ ಬರೆದಿರಬೇಕು.

ತಂದೆಯರ ಬಗ್ಗೆ ಎರಡೇ ಮಾತು. ಆಸ್ಪತ್ರೆಯ ಬಿಲ್, ಮಗುವಿನ ಅಂತ್ಯಕ್ರಿಯೆ, ಎಲ್ಲರಿಗೂ ಸುದ್ದಿ ಮುಟ್ಟಿಸುವುದು ಅವನ ಪಾಲಿಗೆ ಬಂದಿರುತ್ತದೆ, ಸಿಕ್ಕವರೆಲ್ಲ ಅವನನ್ನು 'ಅವಳು ಹೇಗಿದ್ದಾಳೆ?' ಎಂದು ಕೇಳುತ್ತಾರೆ. ನಮ್ಮ ಪುಸ್ತಕದಲ್ಲಿ ಅವನಿಗೆ ಬೇರೆ ಪುಟ, ಬೇರೆ ಕರೆ, ಸಾಧ್ಯವಾದರೆ ಬೇರೆ ಸ್ವಯಂಸೇವಕ.

ಈಗ ದುಡ್ಡು. ದಾನಿಗಳು ಎರಡು ಕೇಳುತ್ತಾರೆ, ಮನ ಕಲಕುವ ಒಂದು ಕಥೆ ಮತ್ತು ದೊಡ್ಡ ಒಂದು ಸಂಖ್ಯೆ. ಕಥೆಯ ಬಗ್ಗೆ ನಮ್ಮ ನಿಯಮ: ಮೊದಲ ವರ್ಷದಲ್ಲಿ ಯಾವ ಕುಟುಂಬದ ಫೋಟೊವನ್ನೂ ಮಾತನ್ನೂ ನಿಧಿ ಸಂಗ್ರಹಕ್ಕೆ ಬಳಸುವುದಿಲ್ಲ, ಅವರೇ ಸಂತೋಷವಾಗಿ ಕೊಟ್ಟರೂ ಸಹ. ಆ ಹೊತ್ತಿನಲ್ಲಿ ಕೃತಜ್ಞತೆಯಿಂದ ಕೊಟ್ಟ ಒಪ್ಪಿಗೆ ಮೂರು ವರ್ಷದ ಮೇಲೆ ಮುಳ್ಳಾಗಬಹುದು. ಮಗುವಿನ ಹೆಸರಿನಲ್ಲಿ ದೊಡ್ಡ ಮೊತ್ತ ಕೊಡುತ್ತೇವೆ ಎಂದು ಹೊಸದಾಗಿ ಬಂದವರಿಗೂ ಕಾಯಿರಿ ಎನ್ನುತ್ತೇವೆ. ಶಿಶು ಆಹಾರ ಮಾರುವ ಕಂಪನಿಗಳ ಹಣ ಬೇಡ ಎನ್ನುತ್ತೇವೆ. ತಾಯಿಯ ಹಾಲಿಗೆ ಬದಲಿ ಆಹಾರದ ಮಾರಾಟಕ್ಕೆ 1981ರಿಂದ ಅಂತರರಾಷ್ಟ್ರೀಯ ಸಂಹಿತೆಯೇ ಇದೆ. ಅದು ಹಾಗಿರಲಿ, ಹಾಲಿನ ಡಬ್ಬಿಯ ಗುರುತು ನಮ್ಮ ಕಾಗದದ ಮೇಲೆ ಇದ್ದರೆ ಆ ಕಾಗದ ಹಿಡಿಯುವ ಕೈ ಯಾರದು ಎಂದು ನೆನೆದರೆ ಸಾಕು.

ಸಂಖ್ಯೆಯ ಬಗ್ಗೆ ನಾನು ಲೆಕ್ಕಿಗಳಾಗಿಯೇ ಜಗಳವಾಡುತ್ತೇನೆ. ಎಷ್ಟು ಕುಟುಂಬಗಳನ್ನು ತಲುಪಿದಿರಿ ಎಂಬ ಪ್ರಶ್ನೆ ನಮ್ಮನ್ನು ಕೆಡಿಸುತ್ತದೆ. ಕರಪತ್ರ ಹಂಚಿದವರನ್ನೆಲ್ಲ ಎಣಿಸಿದರೆ ಸಂಖ್ಯೆ ಬೇಕಾದಷ್ಟು ಬೆಳೆಯುತ್ತದೆ. ನಾವು ದಾನಿಗಳಿಗೆ ಕೊಡುವ ಸಂಖ್ಯೆ ಒಂದೇ: ಮಾಡುತ್ತೇವೆ ಎಂದ ಕರೆಗಳಲ್ಲಿ ಎಷ್ಟು, ಹೇಳಿದ ದಿನವೇ ಮಾಡಿದೆವು. ಇದನ್ನು ನೋಡಿ ಹುಬ್ಬೇರಿಸುವವರಿದ್ದಾರೆ. ಇದಷ್ಟೇನಾ ಎಂದು ಕೇಳಿ ಎದ್ದುಹೋದವರೂ ಇದ್ದಾರೆ. ಉಳಿದವರು ವರ್ಷಗಟ್ಟಲೆ ಉಳಿದಿದ್ದಾರೆ. ಬಂದ ಹಣದಲ್ಲಿ ಮೊದಲ ಪಾಲು ಸಂಯೋಜಕಿಯ ಸಂಬಳಕ್ಕೆ. ಸೇವೆಗೆ ಸಂಬಳವೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಅವಳಿಗೆ ಬೇರೆ ಕೆಲಸ ಸಿಕ್ಕಿ ಹೋದ ದಿನ ಆ ದಿನಾಂಕಗಳ ಪುಟ ಯಾರು ತೆರೆಯುತ್ತಾರೆ?

ತಡೆಗಟ್ಟುವ ಪ್ರಚಾರವನ್ನೂ ನೀವೇ ಮಾಡಬಾರದೇಕೆ ಎಂದು ಸಲಹೆ ಬರುತ್ತದೆ. ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಮಕ್ಕಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಎಂಥ ಅಮೂಲ್ಯ ಕೆಲಸ! ಆದರೆ 'ಹೀಗೆ ಮಾಡಿದ್ದರೆ ಉಳಿಯುತ್ತಿತ್ತು' ಎಂಬ ವಾಕ್ಯವನ್ನು ಒಂದು ಕಡೆ ಅಚ್ಚುಹಾಕಿ, ಅದೇ ಕಾಗದದ ಇನ್ನೊಂದು ಬದಿಯಲ್ಲಿ 'ನಿಮ್ಮ ತಪ್ಪಲ್ಲ' ಎಂದರೆ ಯಾವುದನ್ನು ಆ ತಾಯಿ ನಂಬಬೇಕು? ಆ ಕೆಲಸವನ್ನು ಬೇರೆಯವರು ಚೆನ್ನಾಗಿ ಮಾಡಲಿ. ನಾವು ಅವರ ಜೊತೆ ವೇದಿಕೆ ಹಂಚಿಕೊಳ್ಳುವುದಿಲ್ಲ, ಅಷ್ಟೇ.

ಕೊನೆಯದಾಗಿ ಪ್ರಶ್ನೆಗಳು.

ಒಬ್ಬರು ಕೇಳಿದರು: ಅಕ್ಟೋಬರ್ 15ರಂದು ಹಲವು ದೇಶಗಳಲ್ಲಿ ಇಂಥ ಮಕ್ಕಳ ನೆನಪಿಗೆ ಸಂಜೆ ಏಳಕ್ಕೆ ದೀಪ ಹಚ್ಚುತ್ತಾರೆ. ನೀವು ಅದನ್ನು ದೊಡ್ಡದಾಗಿ ಮಾಡುತ್ತೀರಾ? ಮಾಡುತ್ತೇವೆ, ಚಿಕ್ಕದಾಗಿ. ಬರುವವರಿಗೆ ಅದು ಬೇಕು. ಹೆಸರನ್ನು ಗಟ್ಟಿಯಾಗಿ ಓದುವುದನ್ನು ಕೇಳಲೆಂದೇ ದೂರದಿಂದ ಬರುವವರಿದ್ದಾರೆ. ಆದ್ದರಿಂದ ಹೆಸರುಗಳ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ಪುಸ್ತಕದ ಜೊತೆ ಹೋಲಿಸಿ ನೋಡುತ್ತಾರೆ, ಉಚ್ಚಾರಣೆ ಗೊತ್ತಿಲ್ಲದಿದ್ದರೆ ಮನೆಯವರಿಗೆ ಫೋನ್ ಮಾಡಿ ಕೇಳುತ್ತಾರೆ. ಭಾಷಣಕಾರರನ್ನು ಕರೆಯುವುದಿಲ್ಲ. ಮಾಧ್ಯಮದವರನ್ನೂ ಕರೆಯುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ತರುಣಿ ಕೇಳಿದ್ದು: ನಮ್ಮ ಕಡೆ ಇಂಥದ್ದು ಇಲ್ಲ, ಆರಂಭಿಸಬೇಕೆಂದಿದ್ದೇನೆ, ಎಲ್ಲಿಂದ ಶುರುಮಾಡಲಿ? ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಸಂಸ್ಥೆಯ ಹೆಸರು, ಲಾಂಛನ, ವಾಟ್ಸ್ಆ್ಯಪ್ ಗುಂಪು ಯಾವುದೂ ಈಗ ಬೇಡ. ಒಬ್ಬರೇ ಆರಂಭಿಸಬೇಡಿ, ಇನ್ನೊಬ್ಬರು ಸಿಗುವವರೆಗೆ ಕಾಯಿರಿ, ಏಕೆಂದರೆ ನಿಮಗೆ ಜ್ವರ ಬಂದ ವಾರವೂ ಯಾರದೋ ದಿನಾಂಕ ಬಂದೇ ಬರುತ್ತದೆ. ಗಂಭೀರ ಸ್ಥಿತಿಯಲ್ಲಿ ಕಳಿಸಬಹುದಾದ ಒಬ್ಬ ಮನೋವೈದ್ಯರನ್ನು, ಒಬ್ಬ ಸ್ತ್ರೀರೋಗ ತಜ್ಞರನ್ನು ಹೋಗಿ ಕಂಡು ಒಪ್ಪಿಸಿ. ಫೋನಿಗೆ ವೇಳೆ ನಿಗದಿ ಮಾಡಿ. ವಾರಕ್ಕೆ ಎರಡು ಸಂಜೆ ಮಾತ್ರ ಸಾಧ್ಯವಿದ್ದರೆ ಎರಡೇ ಸಂಜೆ ಎಂದು ಹೇಳಿ, ದಿನವಿಡೀ ಎಂದು ಹೇಳಬೇಡಿ. ಮೊದಲ ಕುಟುಂಬ ಬಂದ ಮೇಲೆ ಎರಡನೆಯದಕ್ಕೆ ಅವಸರಪಡಬೇಡಿ. ಆ ಒಂದು ಮನೆಗೆ ಒಂದು ವರ್ಷದ ದಿನಾಂಕಗಳನ್ನೆಲ್ಲ ಬರೆದುಕೊಂಡು, ಅಷ್ಟೂ ಕರೆಗಳನ್ನು ಮಾಡಿ ನೋಡಿ. ಅದು ಆದರೆ ನೋಂದಣಿಯ ವಿಷಯಕ್ಕೆ ನನಗೆ ಫೋನ್ ಮಾಡಿ, ಕಾಗದಪತ್ರಗಳನ್ನು ನಾನೇ ಕೂತು ಮಾಡಿಕೊಡುತ್ತೇನೆ.